ಹಳದೀಪುರದಿಂದ ನಿಧಾನವಾಗಿ ಬಂದದ್ದು

ನನ್ನ ಬೆನ್ನನ್ನು ಬಹಳ ಜನ ನೋಡಿದ್ದಾರೆ. ಕಾಸರಕೋಡಿನಲ್ಲಿ ಒಣಮೀನು ಮಾರುವ ಹೆಂಗಸೊಬ್ಬಳು ಒಂದು ಬೆಳಿಗ್ಗೆ ನಾನು ದಾಟಿಹೋದ ಮೇಲೆ ಹಿಂದಿನಿಂದ ಕೂಗಿದಳು.

"ಹೋಯ್, ವಿಡಿಯೋದಲ್ಲಿ ಮುಂದೆ ಮುಂದೆ ಹೋಗ್ತಿರ್ತ್ರಲ, ಅವ್ರೇ ಅಲ್ದಾ ನೀವು? ಎದುರಿಂದ ಬಂದಾಗ ಗುರ್ತ ಸಿಕ್ಲಿಲ್ಲ. ಬೆನ್ನು ಕಂಡ್ಮೇಲೆ ಸಿಕ್ತು."

ಹೌದೆಂದೆ.

"ಇವತ್ತು ಅವ್ರು ಬರ್ಲಿಲ್ವಾ?"

ಅವರು ಎಂದರೆ ನನ್ನ ಗೆಳೆಯ. ನಾವಿಬ್ಬರೂ ಹೊನ್ನಾವರದಲ್ಲಿ ಒಂದೇ ಬೆಂಚಿನಲ್ಲಿ ಕೂತು ಎಸ್ಸೆಸ್ಸೆಲ್ಸಿ ಮುಗಿಸಿದವರು. ಅವನಿಗೆ ಕರೆಂಟಿನ ಕಂಬ ಹತ್ತುವ ಸರ್ಕಾರಿ ಕೆಲಸ ಸಿಕ್ಕಿತು. ನಾನು ಸೈಕಲ್ ರಿಪೇರಿ ಅಂಗಡಿ ಇಟ್ಟೆ. ಅವನು ನಿವೃತ್ತನಾದ, ನಾನು ಅಂಗಡಿ ಮುಚ್ಚಿದೆ. ಆಮೇಲೆ ಬೆಳಿಗ್ಗೆ ಸೈಕಲ್ ಮೇಲೆ ಶರಾವತಿ ಸೇತುವೆ ದಾಟಿ ಕಾಸರಕೋಡಿನವರೆಗೆ ಹೋಗಿಬರುವುದು ನಮ್ಮ ರೂಢಿಯಾಯಿತು. ನಾನು ಯಾವಾಗಲೂ ಮುಂದೆ. ಸೈಕಲ್ಲಿನ ವಿಷಯದಲ್ಲಾದರೂ ನಾನು ಅವನಿಗಿಂತ ಮುಂದೆ ಇರಬೇಕು ಎಂಬುದು ನನ್ನ ಹಟವಾಗಿತ್ತು.

ಕ್ಯಾಮೆರಾ ಕೊಳ್ಳುವಾಗ ನಾನೂ ಜೊತೆಗಿದ್ದೆ. ಭಟ್ಕಳದ ಪೇಟೆಯಲ್ಲಿ ಫಾರಿನ್ ಸಾಮಾನು ಮಾರುವ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ, ಅತ್ತರಿನ ಬಾಟಲಿಗಳ ಪಕ್ಕ, ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದೊಂದು ಡಬ್ಬಿ ಇತ್ತು. ನಾನು ನಕ್ಕೆ, ಇದು ಮಕ್ಕಳ ಆಟದ ಸಾಮಾನು ಎಂದೆ. ಅಂಗಡಿಯವನು ಯಾರೊಂದಿಗೋ ನವಾಯತಿ ಭಾಷೆಯಲ್ಲಿ ಮಾತಾಡುತ್ತಿದ್ದವನು ನಮ್ಮ ಕಡೆ ತಿರುಗಿದ. "ಸೋವಿ ಅಂತ ನಗಾಡ್ಬೇಡಿ ಕಾಕಾ. ನಿಮ್ಮ ಸೈಕಲ್ಲಿನ ಸ್ಪೀಡಿಗೆ ಇದು ಧಾರಾಳಾತು."

ಹ್ಯಾಂಡಲ್ಲಿಗೆ ಅದನ್ನು ಕೂರಿಸಿಕೊಟ್ಟವನು ನಾನೇ. ಹಳೆಯ ಬೆಲ್ಲಿನ ಕ್ಲಾಂಪು, ಅದರೊಳಗೆ ಟ್ಯೂಬಿನ ರಬ್ಬರಿನ ಎರಡು ಮಡಿಕೆ. ಚಿತ್ರ ಅಲುಗಾಡಲಿಲ್ಲ. ಗೆಳೆಯ ಸವಾರಿಯುದ್ದಕ್ಕೂ ಮಾತಾಡುತ್ತ ಹೋಗುತ್ತಿದ್ದ. ಇದು ಬಂದರು, ಇಲ್ಲಿ ಮೀನು ಒಣಗಿಸ್ತಾರೆ, ಈ ತಿರುವಿನಲ್ಲಿ ನಾಯಿ ಅಟ್ಟಿಸಿಕೊಂಡು ಬರ್ತದೆ, ಅಕೋ ಬಂತು. ಅದನ್ನು ಮೊಬೈಲಿನಲ್ಲಿ ಊರಿಗೆಲ್ಲ ಕಾಣುವ ಹಾಗೆ ಹಾಕುತ್ತಿದ್ದ. ಕ್ರಮೇಣ ಜನ ನೋಡತೊಡಗಿದರು. ಭಟ್ಕಳದಿಂದ ಯಾರೋ ಫೋನು ಮಾಡಿ, ಹೊನ್ನಾವರದಲ್ಲಿ ತಾವು ಬಿಟ್ಟುಬಂದ ಗಲ್ಲಿಯಲ್ಲಿ ಒಮ್ಮೆ ಸೈಕಲ್ ಹೊಡೆಯಿರಿ ಎಂದು ಕೇಳಿಕೊಂಡರು. ಹೋದಾಗ ಒಂದು ಮನೆಯವರು ಕರೆದು ಶರಬತ್ತು ಕೊಟ್ಟರು. ಲೋಟ ಮೊದಲು ಅವನ ಕೈಗೆ ಬಂತು. ಆ ಕ್ಲಾಂಪನ್ನು ಮಾಡಿದವನು ಯಾರು ಎಂದು ಅವನು ಯಾವ ವಿಡಿಯೋದಲ್ಲೂ ಹೇಳಲಿಲ್ಲ. ನಾನು ಪ್ರತಿಯೊಂದನ್ನೂ ಕೊನೆಯವರೆಗೆ ನೋಡಿದ್ದೇನೆ, ಆ ಮಾತು ಬರಬಹುದೆಂದು.

ಹೊರಗಿನವರು ಹೊಗಳಿದ್ದನ್ನು ಹೇಗೋ ತಡೆದುಕೊಂಡೆ. ತಡೆಯಲಾಗದ್ದು ಮನೆಯೊಳಗಿನದು. ನನ್ನ ಹೆಂಡತಿಗೆ ಮಂಡಿನೋವು. ಮೆಟ್ಟಿಲಿಳಿಯುವುದು ಕಷ್ಟ, ಬಸ್ಸು ಹತ್ತುವುದು ಆಗದ ಮಾತು. ಹಗಲಿಡೀ ಕುರ್ಚಿಯಲ್ಲಿ ಕೂತು ನನ್ನ ಗೆಳೆಯನ ವಿಡಿಯೋ ನೋಡುತ್ತಿದ್ದಳು. ನಾನು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದರೆ, "ಅಣ್ಣ ಇವತ್ತಿಂದು ಹಾಕಿದ್ರಾ?" ಎಂದು ಕೇಳುತ್ತಿದ್ದಳು; ಗೆಳೆಯನನ್ನು ಅವಳು ಅಣ್ಣ ಎಂದೇ ಕರೆಯುವುದು. ಆ ದಾರಿಯಲ್ಲೇ ಹೋಗಿಬಂದವನು ಎದುರಿಗೆ ನಿಂತಿದ್ದೇನೆ, ನನ್ನನ್ನು ಏನೂ ಕೇಳುವುದಿಲ್ಲ.

ಒಬ್ಬನೇ ಬಸ್ಸಿನಲ್ಲಿ ಭಟ್ಕಳಕ್ಕೆ ಹೋಗಿ ಅದೇ ಅಂಗಡಿಯಲ್ಲಿ ಅಂಥದ್ದೇ ಒಂದನ್ನು ತಂದೆ. ಅದೇ ಕ್ಲಾಂಪು, ಅದೇ ರಬ್ಬರು. ಆದರೆ ನಾನು ರಸ್ತೆಯ ಗುಂಡಿ ನೋಡದೆ ವೇಗವಾಗಿ ಹೊಡೆಯುವವನು, ಮಾತು ಬಾರದವನು. ನನ್ನ ವಿಡಿಯೋದಲ್ಲಿ ಏದುಸಿರು ಬಿಟ್ಟರೆ ಬೇರೆ ದನಿಯಿಲ್ಲ. ಹೆಂಡತಿ ಒಂದನ್ನು ಅರ್ಧ ನೋಡಿ ಮೊಬೈಲು ಮಡಿಲಲ್ಲಿಟ್ಟಳು. "ತಲೆ ತಿರಗ್ತದೆ. ಘಟ್ಟದ ಬಸ್ಸಲ್ಲಿ ಕೂತಾಂಗಾತು." ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಗೂಟಕ್ಕೆ ತೂಗುಹಾಕಿದೆ.

ಆ ಚೀಲದ ಕೆಳಗೆ ನಾನು ಕೂತಿದ್ದಾಗಲೇ ಅವಳು ಗೆಳೆಯನಲ್ಲಿ ಆ ಮಾತು ಕೇಳಿದ್ದು. "ಅಣ್ಣಾ, ಹೊಳನಗದ್ದೆಗೆ ಹೋಗಿ ನಮ್ಮಕ್ಕನ ಹತ್ರ ಒಂದು ಹಾಡು ಹೇಳ್ಸ್ಕಂಡು ಬರ್ತ್ರಾ? ನನ್ನ ಮದ್ವೇದು."

ಕುಮಟೆಯ ಪಕ್ಕದ ಹೊಳನಗದ್ದೆ ಅವಳ ತವರು. ಅಲ್ಲಿನ ಅವಳ ಅಕ್ಕ ಮದುವೆ ಮನೆಗಳಲ್ಲಿ ಹಾಡುವವಳು. ಹೆಣ್ಣು ಒಪ್ಪಿಸಿ ಕಳಿಸುವಾಗ ಅವಳು ಹೇಳುತ್ತಿದ್ದ ಹಾಡಿಗೆ ಧಾಟಿ ಒಂದೇ, ದಾರಿ ಮಾತ್ರ ಮದುಮಗಳಿಗೊಂದು. ಮನೆ ಮೆಟ್ಟಿಲಿಳಿದು ಬಾವಿಕಟ್ಟೆ, ಬಾವಿಕಟ್ಟೆ ದಾಟಿ ಗದ್ದೆಯ ಬದುವಿನ ಹಾಳಿ, ಹೀಗೆ ಗಂಡನ ಮನೆ ಬಾಗಿಲಿನವರೆಗೆ ಏನೇನು ಸಿಗುತ್ತದೋ ಅದನ್ನೆಲ್ಲ ಪೋಣಿಸಿ ಹೇಳುವುದು. ನನ್ನ ಹೆಂಡತಿಯ ದಾರಿಯ ಹಾಡು ಅಕ್ಕನೊಬ್ಬಳಿಗೇ ಗೊತ್ತು. ಮದುವೆಯ ದಿನ ಹೆಂಡತಿ ಅದನ್ನು ಅಳುತ್ತ ಕೇಳಿದ್ದಳು. ನಾನೂ ಅಲ್ಲೇ ನಿಂತಿದ್ದೆ, ಆದರೆ ನನ್ನ ಲಕ್ಷ್ಯವೆಲ್ಲ ಕಾಲು ಕಚ್ಚುತ್ತಿದ್ದ ಹೊಸ ಚಪ್ಪಲಿಯ ಮೇಲಿತ್ತು.

ಮಳೆಗಾಲಕ್ಕೆ ಮುಂಚಿನ ಒಂದು ಬೆಳಿಗ್ಗೆ ಬೇಗ ಹೊರಟೆವು. ಗೆಳೆಯ ಕಾರ್ಡಿನಲ್ಲಿದ್ದದ್ದನ್ನೆಲ್ಲ ಅಳಿಸಿ ಖಾಲಿ ಮಾಡಿಕೊಂಡಿದ್ದ. ಹೋಗುವಾಗ ಕ್ಯಾಮೆರಾ ಹಾಕಲೇ ಇಲ್ಲ, ಮೊದಲು ಹಾಡೇ ಆಗಲಿ ಎಂದ. ಅಕ್ಕ ಜಗಲಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಮೊದಲಿನಿಂದ ಕೊನೆಯವರೆಗೆ ಹಾಡಿದಳು. "ಭಾವ, ನೀವೂ ಮೊಬೈಲಲ್ಲಿ ತಕಳಿ," ಎಂದು ನನಗೂ ಹೇಳಿದಳು. "ಅಂವ ತಕಂತಾ ಇದ್ನಲ, ಸಾಕು," ಎಂದೆ. ಗೆಳೆಯ ಬಾವಿಯನ್ನು, ಹಾಳಿಯನ್ನು, ಕುಮಟೆಯ ಪೇಟೆಯನ್ನು ತೆಗೆಯುತ್ತ ಬಂದ. ಮನೆಗೆ ಹೋದ ಮೇಲೆ ಹೆಂಡತಿಯ ಮುಖ ಅವನ ಕಡೆ ತಿರುಗಿ ಹೇಗೆ ಅರಳಬಹುದು ಎಂದು ನಾನು ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ.

ಹಳದೀಪುರದಲ್ಲಿ ಚಾ ಕುಡಿಯಲು ನಿಂತೆವು. ಅವನು ಅಂಗಡಿಯ ಹಿಂದೆ ಮುಖ ತೊಳೆಯಲು ಹೋದ. ಸೈಕಲ್ ನನ್ನ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು.

ಈ ಸೋವಿ ಕ್ಯಾಮೆರಾಗಳಲ್ಲಿ ಲೂಪ್ ಎಂಬುದೊಂದಿದೆ. ಅದನ್ನು ಹಾಕದಿದ್ದರೆ ಕಾರ್ಡು ತುಂಬಿದ ಕೂಡಲೇ ಕ್ಯಾಮೆರಾ ಪೀಂಗುಟ್ಟಿ ನಿಲ್ಲುತ್ತದೆ. ಹಾಕಿದರೆ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಹಳೆಯದನ್ನು ಅಳಿಸಿ, ಆ ಜಾಗಕ್ಕೆ ಹೊಸದನ್ನು ತುಂಬುತ್ತ ಹೋಗುತ್ತದೆ. ನಾನು ನನ್ನ ಕ್ಯಾಮೆರಾದಲ್ಲಿ ಒಂದು ಸವಾರಿ ಕಳೆದುಕೊಂಡು ಇದನ್ನು ಕಲಿತಿದ್ದೆ. ಅವನ ಕಾರ್ಡು ತುಂಬುತ್ತ ಬಂದಿತ್ತು. ಅದರಲ್ಲಿ ಎಲ್ಲಕ್ಕಿಂತ ಹಳೆಯದು ಹಾಡು.

ಲೂಪ್ ಹಾಕಿದೆ.

ಅಷ್ಟಕ್ಕೇ ಬಿಟ್ಟಿದ್ದರೆ, ಗಳಿಗೆಯ ಬುದ್ಧಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ಅಲ್ಲಿಂದ ಹೊನ್ನಾವರ ದೂರವಿಲ್ಲ. ನಾನು ಎಂದಿನಂತೆ ಹೊಡೆದರೆ ಅವನೂ ಹಿಂದೆ ಬೇಗ ಬಂದುಬಿಡುತ್ತಾನೆ, ಹಾಡು ಪೂರ್ತಿ ಅಳಿಯಲಿಕ್ಕಿಲ್ಲ. ಹಾಗಾಗಿ ನಿಧಾನ ಹೋದೆ. ಕರ್ಕಿಯ ಹೊಳೆಯ ಹತ್ತಿರ ಇಳಿದು, ಗಾಳಿ ಕಡಿಮೆಯಾಗಿದೆಯೆಂದು ಚಕ್ರ ಒತ್ತಿ ನೋಡಿದೆ. ಗಾಳಿ ಸರಿಯಾಗಿತ್ತು.

"ಎಂತ ಮಾರಾಯ, ಇವತ್ತು ನೀ ಬೀಗರ ಮನೆಗೆ ಹೊರಟಾಂಗೆ ಹೋಗ್ತಿದ್ದೆ?" ಎಂದು ಹಿಂದಿನಿಂದ ಗೆಳೆಯ ನಕ್ಕ.

ಮನೆಯಲ್ಲಿ ಅವನು ಕಾರ್ಡನ್ನು ಮೊಬೈಲಿಗೆ ಸಿಕ್ಕಿಸಿದ. ಹೆಂಡತಿ ಕನ್ನಡಕ ಒರೆಸಿಕೊಂಡು ಕೂತಿದ್ದಳು. ಹಾಡು ಇರಲಿಲ್ಲ. ಬಾವಿಯೂ ಇರಲಿಲ್ಲ. ಕುಮಟೆ ದಾಟಿದಲ್ಲಿಂದ ಹೊನ್ನಾವರದವರೆಗೆ ಹೆದ್ದಾರಿ, ಅದರ ನಡುವೆ ನನ್ನ ಬೆನ್ನು. ಗೆಳೆಯ ಹಿಂದೆ ಮುಂದೆ ಎಳೆದು ನೋಡಿದ. ತನಗೇ ಎಲ್ಲೋ ಕೈ ತಾಗಿರಬೇಕೆಂದು ಹಣೆ ಚಚ್ಚಿಕೊಂಡ. "ತಪ್ಪಾತು ಅತ್ಗೆ. ಸೋವಿ ಮಾಲು, ನನ್ನ ಕೈಯೂ ಅಷ್ಟೇ."

"ಇರ್ಲಿ ಬಿಡಿ ಅಣ್ಣಾ," ಎಂದಳು ಅವಳು. "ಇವ್ರ ಬೆನ್ನು ನಂಗೇನು ಹೊಸದಾ?" ಇಬ್ಬರೂ ನಕ್ಕರು. ಅವನು ಹೋದ ಮೇಲೆ ಅವಳು ಆ ವಿಡಿಯೋವನ್ನು ಮತ್ತೊಮ್ಮೆ ಪೂರ್ತಿ ನೋಡಿದಳು, ಕೊನೆಯಲ್ಲಾದರೂ ಅಕ್ಕ ಬರಬಹುದೇನೋ ಎಂಬಂತೆ.

ಮತ್ತೆ ಹೋಗುವಾ ಎನ್ನುವಷ್ಟರಲ್ಲಿ ಮಳೆ ಹಿಡಿಯಿತು. ಆ ಮಳೆಗಾಲದಲ್ಲಿ ಅಕ್ಕನಿಗೆ ಜ್ವರ ಬಂದು, ಬಿಟ್ಟು, ಮತ್ತೆ ಬಂತು. ಗದ್ದೆ ಕೊಯ್ಲಿನ ಹೊತ್ತಿಗೆ ಗೆಳೆಯನೂ ನಾನೂ ಹೋದಾಗ ಮೈಯಲ್ಲಿ ಚೇತರಿಸಿಕೊಂಡಿದ್ದಳು, ನಮ್ಮ ಗುರುತೂ ಹಿಡಿದಳು. ಹಾಡು ಶುರು ಮಾಡಿದಳು. ಮೆಟ್ಟಿಲಿಳಿದು ಬಾವಿಕಟ್ಟೆಗೆ ಬಂದಳು, ನಿಂತಳು. ಮತ್ತೆ ಮನೆಯಿಂದ ಹೊರಟಳು, ಮತ್ತೆ ಬಾವಿಕಟ್ಟೆ. "ಇಲ್ಲಿಂದ ಮುಂದೆ ಎಂತದು ಭಾವ?" ಎಂದು ನನ್ನನ್ನೇ ಕೇಳಿದಳು. ಮದುವೆಯ ದಿನ ನಾನು ಚಪ್ಪಲಿಯ ಕಡೆ ನೋಡುತ್ತಿದ್ದವನು, ಜಗಲಿಯಲ್ಲಿ ಗೆಳೆಯನ ಕ್ಯಾಮೆರಾದ ಕಡೆ. ಮುಂದೆ ಹಾಳಿ ಎಂದು ಗೊತ್ತಿತ್ತು, ಹಾಡಿನ ಸಾಲು ಗೊತ್ತಿರಲಿಲ್ಲ.

ಬರುವಾಗ ಅದೇ ಚಾದಂಗಡಿಯಲ್ಲಿ ಗೆಳೆಯನಿಗೆ ಹೇಳಿದೆ. ಲೂಪ್ ಹಾಕಿದ್ದು, ನಿಧಾನ ಬಂದದ್ದು, ಎಲ್ಲ. ಅವನು ಬಯ್ಯುತ್ತಾನೆಂದುಕೊಂಡಿದ್ದೆ. ಅವನು ಲೋಟ ತಿರುಗಿಸುತ್ತ ಕೂತ.

"ಅವತ್ತು ನಂಗೆ ಸೊಂಟ ಹಿಡ್ಕಂಡಿತ್ತು," ಎಂದ ಆಮೇಲೆ. "ಹೇಳ್ಲಿಲ್ಲ ನಾನು. ನೀ ಅದು ಗೊತ್ತಾಗಿ ನಿಧಾನ ಹೋಗ್ತಿದ್ದೆ ಅಂತ ಮಾಡಿದ್ದೆ. ಮನೇಲೂ ಹಾಂಗೇ ಹೇಳಿದ್ದೆ." ಚಾ ಅರ್ಧಕ್ಕೆ ಬಿಟ್ಟು ಎದ್ದ. "ಅತ್ಗೆಗೆ ನೀನೇ ಹೇಳು. ನಾ ಹೇಳುದಿಲ್ಲ."

ಆ ದಿನ ಅವನು ಮುಂದೆ ಹೋದ. ನಾನು ಅವನ ಬೆನ್ನು ನೋಡುತ್ತ ಬಂದೆ. ಅದು ಒಂದು ಬದಿಗೆ ವಾಲುತ್ತದೆ ಎಂಬುದು ನನಗೆ ಅಂದೇ ಗೊತ್ತಾದದ್ದು.

ಹೆಂಡತಿಗೆ ಹೇಳಿದಾಗ ಅವಳು ಹಸಿಮೆಣಸಿನ ತೊಟ್ಟು ತೆಗೆಯುತ್ತಿದ್ದಳು. ತೆಗೆಯುತ್ತಲೇ ಇದ್ದಳು. ಎಂತಕ್ಕೆ ಎಂದು ಕೇಳಲಿಲ್ಲ. ನನ್ನನ್ನು ಕೇಳದೆ ಅವನನ್ನು ಕೇಳಿದೆಯಲ್ಲ, ಅದಕ್ಕೆ ಎಂದು ಹೇಳಲು ಬಾಯಿ ತೆರೆದು, ಆ ಮಾತು ಎಷ್ಟು ಸಣ್ಣದೆಂದು ತಿಳಿದು, ಬಿದ್ದ ತೊಟ್ಟುಗಳನ್ನು ಒಟ್ಟುಮಾಡಿ ಹೊರಗೆ ಹಾಕಲು ಎದ್ದೆ. ರಾತ್ರಿ ಊಟಕ್ಕೆ ಬಡಿಸಿದಳು, ಮಾತಿಲ್ಲ. ಮರುದಿನವೂ ಇಲ್ಲ. ಅದರಾಚೆಯ ಬೆಳಿಗ್ಗೆ ಕೇಳಿದಳು.

"ಅಕ್ಕ ಎಲ್ಲಿ ನಿಲ್ಲಿಸಿದ್ಲು?"

"ಬಾವಿಕಟ್ಟೆ ಹತ್ರ."

"ಅಲ್ಲಿಂದ ಮುಂದೆ ನಡ್ದವ್ಳು ನಾನೇ ಅಲ್ದಾ? ದಾರಿ ನಂಗೆ ಗೊತ್ತಿದ್ದು."

ನಾನು ಗೂಟದ ಮೇಲಿನ ಚೀಲಕ್ಕೆ ಕೈ ಚಾಚಿದೆ.

"ಅದು ಬ್ಯಾಡ," ಎಂದಳು. "ಅಣ್ಣನ ಕರ್ಕಂಡು ಬನ್ನಿ."

ಗೆಳೆಯ ಆಗ ನನ್ನೊಂದಿಗೆ ಸೈಕಲ್ ಹೊಡೆಯುವುದನ್ನು ಬಿಟ್ಟಿದ್ದ. ಅವನ ಮನೆಯ ಬೇಲಿಯ ದಣಪೆಯ ಹೊರಗೆ ನಿಂತು ಕರೆದೆ. ಅತ್ತಿಗೆ ಕರೆದಿದ್ದಾಳೆ ಎಂದಷ್ಟೇ ಹೇಳಿದೆ. ನಾನು ಕರೆದಿದ್ದರೆ ಬರುತ್ತಿರಲಿಲ್ಲವೇನೋ. ಅವಳು ಕರೆದಳೆಂದು ಬಂದ. ಆಗಲೂ, ಸೈಕಲ್ಲಿನಿಂದ ಕ್ಯಾಮೆರಾ ಬಿಚ್ಚಿಕೊಳ್ಳುವ ಅವನ ಆತುರ ಕಂಡು ನನ್ನಲ್ಲಿ ಅದೇ ಹಳೆಯ ಹೊಟ್ಟೆಕಿಚ್ಚು ಮಿಸುಕಾಡಿತು. ಸತ್ತಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ನನ್ನನ್ನು ಹೊರಗೆ ಕೂರಲು ಹೇಳಿದಳು. ಅಂಗಳದಲ್ಲಿ ಕೂತು ಕೇಳಿದೆ. ಅಕ್ಕನ ಧಾಟಿ, ಒಡೆದ ದನಿ, ಮಾತು ಮಾತ್ರ ಅವಳದೇ. ಬಾವಿಕಟ್ಟೆಯಿಂದ ಹಾಳಿಗೆ ಇಳಿದಳು, ಹಾಳಿಯಲ್ಲಿ ಕಾಲು ಜಾರಿ ಸೀರೆಯ ಅಂಚಿಗೆ ಕೆಸರಾಯಿತು, ತೊಳೆಯಲು ಹೊತ್ತಿರಲಿಲ್ಲ. ಕುಮಟೆಯ ಪೇಟೆಯಲ್ಲಿ ಬಳೆಯಂಗಡಿಯವಳು ಎದ್ದು ನಿಂತು ನೋಡಿದಳು. ಜೊತೆಗೆ ಬಂದವರ ಹೆಜ್ಜೆ ದೊಡ್ಡದು, ಅವಳದು ಸಣ್ಣದು. ಹಳದೀಪುರಕ್ಕೆ ಬಂದಳು. ಅಲ್ಲಿ ಹಾಡು ನಿಂತಿತು.

"ಮುಂದೆ, ಅತ್ಗೆ?" ಎಂದು ಗೆಳೆಯ ಕೇಳಿದ್ದು ಕೇಳಿಸಿತು.

"ಇವತ್ತಿಗೆ ಇಷ್ಟೇ ಆತು, ಅಣ್ಣಾ. ಮುಂದಿಂದು ಮತ್ತೆ ನೋಡುವಾ."

ಆ ಮುಂದಿನದನ್ನು ಅವಳು ಇನ್ನೂ ಹಾಡಿಲ್ಲ. ಬೆಳಿಗ್ಗೆ ಚಾ ಕೊಡುತ್ತಾಳೆ, ಮಾತಾಡುತ್ತಾಳೆ, ಮಂಡಿಗೆ ಎಣ್ಣೆ ಹಚ್ಚುವಾಗ ಬಾಟಲಿ ಹಿಡಿದುಕೊಳ್ಳಲು ನನ್ನನ್ನೇ ಕರೆಯುತ್ತಾಳೆ. ನಾನು ಕೇಳಲು ಹೋಗಿಲ್ಲ. ಹಾಡಿನಲ್ಲಿ ಅವಳಿನ್ನೂ ಹಳದೀಪುರದಲ್ಲೇ ಇದ್ದಾಳೆ. ನನ್ನ ಮನೆಗೆ ಬರುವ ದಾರಿ ಇನ್ನೂ ಉಳಿದಿದೆ.