ಅಬ್ಲಾ ಅವರ ಎಡಗೈ ರೈಫಲ್

ನಾನು ಕುವೈತಿನ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಬಂದೂಕು ರಿಪೇರಿ ಮಾಡುವವನು. ಊರಿನಲ್ಲಿ ಯಾರಾದರೂ ನನ್ನ ಕೆಲಸ ಏನೆಂದು ಕೇಳಿದರೆ ಹೆಂಡತಿ “ಮೆಕ್ಯಾನಿಕ್” ಎಂದಷ್ಟೇ ಹೇಳಿ ಮಾತು ಬದಲಿಸುತ್ತಾಳೆ. ಬಂದೂಕು ಎಂದರೆ ಸಾಕು, ಮದುವೆ ಮನೆಯಲ್ಲಿ ಊಟ ಮುಗಿಯುವ ತನಕ ಪ್ರಶ್ನೆ ಮುಗಿಯುವುದಿಲ್ಲ ಎಂಬುದು ಅವಳ ಅನುಭವ.

ಕ್ಲಬ್ಬು ಕುವೈತ್ ನಗರದಾಚೆ, ಮರಳುಗಾಡು ಶುರುವಾಗುವಲ್ಲಿದೆ. ವರ್ಕ್‌ಶಾಪಿನಲ್ಲಿ ಇರುವುದು ಇಬ್ಬರೇ. ನನ್ನ ಹಿರಿಯ ಸಹೋದ್ಯೋಗಿ ಉಡುಪಿ ಬಳಿಯ ಶಿರ್ವದ ಕಡೆಯ ಕೊಂಕಣಿ ಕ್ರಿಶ್ಚಿಯನ್, ನಮ್ಮ ಸೈನ್ಯದ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾಗಿ ಇಲ್ಲಿಗೆ ಬಂದವರು. ನಾನು ಬ್ಯಾರಿ. ಅವರ ಮನೆಮಾತು ನನಗೆ ಬಾರದು, ನನ್ನದು ಅವರಿಗೆ ಬಾರದು. ಹಾಗಾಗಿ ದಿನವಿಡೀ ಮಂಗಳೂರು ಕನ್ನಡದಲ್ಲೇ ನಮ್ಮ ಜಗಳ, ನಗು, ಚಹಾ. ಅವರನ್ನು ನಾನು ಅಣ್ಣ ಎಂದು ಕರೆಯುತ್ತೇನೆ.

ಒಂದು ಚಳಿಗಾಲದ ಬೆಳಿಗ್ಗೆ ಕಪ್ಪು ಅಬಾಯಾ ತೊಟ್ಟ ಹಿರಿಯ ಹೆಂಗಸೊಬ್ಬರು ಕ್ಲಬ್ಬಿನ ಮ್ಯಾನೇಜರ್ ಜೊತೆ ನಮ್ಮ ಬಾಗಿಲಿಗೆ ಬಂದರು. ಜೀವಮಾನವಿಡೀ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಇಲ್ಲಿ ಟೀಚರಮ್ಮನಿಗೆ ಅಬ್ಲಾ ಎನ್ನುತ್ತಾರೆ. ಮ್ಯಾನೇಜರನೂ ಅವರನ್ನು ಅಬ್ಲಾ ಎಂದೇ ಕರೆದು, ಅವರ ಮುಂದೆ ಕೈಕಟ್ಟಿ ನಿಂತಿದ್ದ. ಅವನ ಅಕ್ಕಂದಿರೆಲ್ಲ ಅವರ ಕೈಯಲ್ಲಿ ಕಲಿತವರಂತೆ.

ಅವರ ತಂದೆಯ ಹಳೆಯ ರೈಫಲ್ ಕ್ಲಬ್ಬಿನ ಲೈಸೆನ್ಸಿನಲ್ಲಿ, ನಮ್ಮ ಲಾಕರಿನಲ್ಲೇ ಇತ್ತು. ಟ್ರಿಗರ್ ಒತ್ತಿದಾಗೆಲ್ಲ ಒಂದು ಗುಂಡು ಹಾರಿ, ಅದೇ ಗುಂಡಿನ ಗ್ಯಾಸಿನ ಬಲದಿಂದ ಖಾಲಿ ಕಾಟ್ರಿಜ್ಜನ್ನು ಹೊರಗೆಸೆದು, ಮುಂದಿನದನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ಅದು.

“ಅಪ್ಪ ನನ್ನ ತಮ್ಮಂದಿರಿಗೆಲ್ಲ ಇದರಲ್ಲಿ ಗುರಿ ಹಿಡಿಯಲು ಕಲಿಸಿದರು” ಎಂದರು ಅಬ್ಲಾ. “ನನಗೆ ಆಗ ಪರೀಕ್ಷೆ ಇತ್ತು. ಈಗ ಯಾವ ಪರೀಕ್ಷೆಯೂ ಇಲ್ಲ. ಯಲ್ಲಾ, ಶುರುಮಾಡೋಣ.”

ಅವರ ಅರಬ್ಬಿಗೆ ನನ್ನ ಮುರುಕು ಅರಬ್ಬಿ, ನಡುವೆ ಸ್ವಲ್ಪ ಹಿಂದಿ ಸೇರಿ ಆದ ಮಾತುಕತೆಯನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಮ್ಮ ಶೂಟಿಂಗ್ ಜಾಗದ ಪಕ್ಕದಲ್ಲೇ ಒಂದು ಕುದುರೆ ಲಾಯ. ಸದ್ದಿಗೆ ಕುದುರೆಗಳು ಬೆದರುತ್ತವೆಂದು ಆ ಬದಿಯಲ್ಲಿ ದೊಡ್ಡ ರೈಫಲ್‌ಗಳಿಗೆ ಕ್ಲಬ್ಬಿನ ಸೈಲೆನ್ಸರ್ ಹಾಕಿಯೇ ಹೊಡೆಯಬೇಕು ಎಂಬುದು ನಿಯಮ. ಅಬ್ಲಾ ಅವರ ರೈಫಲ್‌ಗೂ ಹಾಕಿದೆವು. ಅವರು ಕನ್ನಡಕ ಧರಿಸಿ, ಕಿವಿ ಮುಚ್ಚಿಕೊಂಡು, ಹಿಡಿಯನ್ನು ಎಡಭುಜಕ್ಕೆ ಒತ್ತಿ ಕುಳಿತರು. ಅವರದು ಎಡಗೈ.

ಒಂದು ಗುಂಡು, ಎರಡು ಗುಂಡು. ಮೂರನೆಯದಕ್ಕೆ ಅವರು ರೈಫಲ್ಲನ್ನು ಮೇಜಿನ ಮೇಲೆ ಇಟ್ಟು ಕನ್ನಡಕ ಕಳಚಿದರು. ಕಣ್ಣಿಂದ ನೀರು ಧಾರೆಧಾರೆ. ಸೈಲೆನ್ಸರ್ ಗ್ಯಾಸನ್ನು ಮುಂದೆ ತಡೆಯುತ್ತದೆ. ತಡೆದದ್ದು ಎಲ್ಲಿಗೆ ಹೋಗಬೇಕು? ನಳಿಗೆಯೊಳಗೆ ಹಿಂದಕ್ಕೆ ಬಂದು, ಕಾಟ್ರಿಜ್ ಹೊರಬೀಳುವ ಕಿಂಡಿಯಿಂದ ನುಗ್ಗುತ್ತದೆ. ಕಿಂಡಿ ಇರುವುದು ಬಲಗಡೆ. ಬಲಗೈಯವರಿಗೆ ಮುಖ ಆಚೆ ಬದಿಗಿರುತ್ತದೆ, ಅರ್ಧಕ್ಕರ್ಧ ತಪ್ಪಿಸಿಕೊಳ್ಳುತ್ತಾರೆ. ಎಡಗೈಯವರ ಮುಖ ಸರಿಯಾಗಿ ಅದರ ದಾರಿಯಲ್ಲೇ ಇರುತ್ತದೆ.

“ಬಲಭುಜಕ್ಕೆ ಇಟ್ಟು ಅಭ್ಯಾಸ ಮಾಡಿ ನೋಡಬಹುದು, ಅಬ್ಲಾ” ಎಂದೆ.

ಅವರು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದರು. “ಎಡಗೈಯಲ್ಲಿ ಬರೆಯುತ್ತೇನೆಂದು ಚಿಕ್ಕವಳಿದ್ದಾಗ ಬೆರಳಿಗೆ ಪೆಟ್ಟು ತಿಂದಿದ್ದೇನೆ. ಆಗಲೂ ಕೈ ಬದಲಿಸಲಿಲ್ಲ. ಈಗ ಈ ಕಬ್ಬಿಣಕ್ಕಾಗಿ ಬದಲಿಸಬೇಕೇ?”

ಹಿಂದಿದ್ದ ಅಣ್ಣ ಕೆಮ್ಮಿದಂತೆ ಮಾಡಿ ನಕ್ಕರು.

ಅಬ್ಲಾ ಹೋದ ಮೇಲೆ ನಾನೇ ಎಡಭುಜಕ್ಕೆ ಇಟ್ಟು ಹೊಡೆದು ನೋಡಿದೆ. ಗ್ಯಾಸು ಕನ್ನಡಕದ ಅಡಿಯಿಂದ ನುಸುಳಿ ಕಣ್ಣಿಗೆ ಹಸಿಮೆಣಸು ಹಿಂಡಿದ ಹಾಗಾಯಿತು. ಬಾಯಲ್ಲಿ ತಾಮ್ರದ ಪಾತ್ರೆ ನೆಕ್ಕಿದಂಥ ರುಚಿ.

“ಎಂತ ಮಾರಾಯಾ, ಹಸಿ ಸೌದೆ ಒಲೆ ಊದಿದ ಹಾಗೆ ಉಂಟು ನಿನ್ನ ಮುಖ” ಎಂದರು ಅಣ್ಣ.

ಸಂಜೆ ರಿಗ್ಗೈ ಬಡಾವಣೆಯ ನಮ್ಮ ಮನೆಗೆ ಹೋದಾಗ ಬಾಗಿಲು ತೆರೆದ ಮಗಳು “ಮಮ್ಮೀ, ಡ್ಯಾಡಿ ಈಸ್ ಎ ಪಾಂಡಾ!” ಎಂದು ಕೂಗಿದಳು. ಮುಖ ತೊಳೆದಿದ್ದೆ, ಆದರೆ ಕನ್ನಡಕದ ಸುತ್ತಲಿನ ಮಸಿ ಹೋಗಿರಲಿಲ್ಲ. ಹೆಂಡತಿ ಹಳೇ ಟವೆಲ್ಲಿಗೆ ತೆಂಗಿನೆಣ್ಣೆ ಹಚ್ಚಿ ಕೊಟ್ಟಳು. ಕೊಡುವಾಗ ತಾನೂ ನಗುತ್ತಿದ್ದಳು.

ಮೊದಲು ನನಗೆ ಹೊಳೆದದ್ದು ಸಂದಿಗಳನ್ನು ಮುಚ್ಚುವುದು. ರೈಫಲ್ಲಿನ ಯಂತ್ರದ ಮೇಲಿನ ತಗಡಿನ ಮುಚ್ಚಳದ ಅಂಚಿಗೆ ಶಾಖ ತಡೆಯುವ ಸಿಲಿಕೋನ್ ಪೇಸ್ಟ್ ಹಚ್ಚಿ ಒಣಗಿಸಿದೆ. ಹಿಂದಿನಿಂದ ಬರುತ್ತಿದ್ದ ಹೊಗೆ ಸ್ವಲ್ಪ ನಿಂತಿತು. ಆದರೆ ಕಾಟ್ರಿಜ್ ಬೀಳುವ ಕಿಂಡಿಯನ್ನು ಮುಚ್ಚುವಂತಿಲ್ಲವಲ್ಲ. ಅಲ್ಲಿಂದ ಮೊದಲಿನಂತೆಯೇ ಬಂತು.

ಮುಂದಿನ ವಾರ ಅಬ್ಲಾ ಬಂದಾಗ ಇದನ್ನು ತೋರಿಸಿದೆ. ಅವರು ಒಪ್ಪಲಿಲ್ಲ. ಫ್ಲಾಸ್ಕಿನಿಂದ ನಮಗೆ ಏಲಕ್ಕಿ ಹಾಕಿದ ಅರಬ್ಬಿ ಕಾಫಿ ಗಹ್ವಾ ಬಗ್ಗಿಸುತ್ತಾ, ಶಾಲೆಯಲ್ಲಿ ಕೇಳುವ ಹಾಗೆ ನನ್ನನ್ನು ಕೇಳಿದರು.

“ನಮ್ಮ ಕಾಫಿ ಪಾತ್ರೆ ನೋಡಿದ್ದೀಯಾ? ಅದರ ಕೊಕ್ಕಿಗೆ ಖರ್ಜೂರದ ನಾರು ತುರುಕಿರುತ್ತೇವೆ, ಪುಡಿ ಬರಬಾರದೆಂದು. ಒಲೆಯ ಮೇಲೆ ಜೋರಾಗಿ ಕುದಿಸಿದರೆ ಏನಾಗುತ್ತದೆ?”

“ಕೊಕ್ಕಿನಿಂದ ಆವಿ ಹೋಗುವುದಿಲ್ಲ. ಮುಚ್ಚಳ ಕುಣಿಯುತ್ತದೆ.”

“ಶಾಬಾಶ್. ಆಗ ಮುಚ್ಚಳವನ್ನು ಒತ್ತಿ ಹಿಡಿಯುತ್ತೀಯೋ, ಉರಿ ಕಡಿಮೆ ಮಾಡುತ್ತೀಯೋ?”

ಅಣ್ಣ ಗಹ್ವಾದ ಬಟ್ಟಲು ಕೆಳಗಿಟ್ಟರು. “ಮಾರಾಯಾ, ಟೀಚರಮ್ಮ ಹೇಳುವುದು ಸರಿ. ಇದಕ್ಕೆ ರೆಗ್ಯುಲೇಟರ್ ಉಂಟಲ್ಲ? ನಾವಿಬ್ಬರೂ ಅದನ್ನು ಮುಟ್ಟಿಯೇ ಇಲ್ಲ.”

ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರಿನಂತೆಯೇ ಈ ರೈಫಲ್ಲಿಗೂ ನಳಿಗೆಯ ಕೆಳಗೆ ಒಂದು ಪುಟ್ಟ ತಿರುಪು ಇರುತ್ತದೆ. ರೈಫಲ್ಲಿನ ಯಂತ್ರ ನಡೆಸಲು ಎಷ್ಟು ಗ್ಯಾಸ್ ಒಳಗೆ ಬಿಡಬೇಕೆಂಬುದನ್ನು ಅದು ತೀರ್ಮಾನಿಸುತ್ತದೆ. ಸೈಲೆನ್ಸರ್ ಹಾಕಿದ ಮೇಲೆ ಒತ್ತಡ ತಾನಾಗಿಯೇ ಹೆಚ್ಚಿರುವುದರಿಂದ ಅಷ್ಟೊಂದು ಗ್ಯಾಸು ಬೇಕಾಗಿಲ್ಲ. ಆದರೆ ಅಬ್ಲಾ ಅವರ ತಂದೆಯ ಕಾಲದಿಂದ ಯಾರೂ ತಿರುಗಿಸದ ಆ ತಿರುಪು ಇದ್ದಿಲಿನಂಥ ಮಸಿ ಹಿಡಿದು ಕಲ್ಲಾಗಿತ್ತು. ನಾನು ಸ್ಪ್ಯಾನರ್ ಎತ್ತಿಕೊಂಡದ್ದೇ ತಡ, ಅಣ್ಣ ಕೈ ಹಿಡಿದರು.

“ಬಲ ಹಾಕಿದರೆ ತುಂಡಾಗ್ತದೆ. ಇದರ ಸಾಮಾನು ಈಗ ಎಲ್ಲಿಯೂ ಸಿಗುವುದಿಲ್ಲ. ಎಣ್ಣೆಯಲ್ಲಿ ನೆನೆಸು, ಕಾದು ನೋಡು.”

ಕಾದೆವು. ದಿನಾ ಬೆಳಿಗ್ಗೆ ಅಣ್ಣ ಬೆರಳಲ್ಲಿ ಮುಟ್ಟಿ ನೋಡಿ “ಇನ್ನೂ ಬೆಂದಿಲ್ಲ” ಎನ್ನುತ್ತಿದ್ದರು. ಕೊನೆಗೊಂದು ದಿನ ತಿರುಪು ಬೆಣ್ಣೆಯಂತೆ ತಿರುಗಿತು. ನನಗೆ ಉತ್ಸಾಹ ಹೆಚ್ಚಾಯಿತು. ಗ್ಯಾಸನ್ನು ತೀರ ಕಡಿಮೆಗೆ ಇಟ್ಟೆ. ಅದು ಸಾಲದೆಂದು ಯಂತ್ರ ಹಿಂದೆ ಸರಿಯುವುದನ್ನು ತಡೆಯುವ ಒಳಗಿನ ಸವೆದ ಸ್ಪ್ರಿಂಗ್ ತೆಗೆದು ಬಹಳ ಬಿಗಿಯಾದದ್ದನ್ನು ಹಾಕಿದೆ. ಹೊಡೆದರೆ ಹೊಗೆಯೇ ಇಲ್ಲ! ಕುಣಿಯಬೇಕೆನ್ನುವಷ್ಟರಲ್ಲಿ ನೋಡಿದರೆ ಖಾಲಿ ಕಾಟ್ರಿಜ್ ಕಿಂಡಿಯಲ್ಲೇ ಅರ್ಧ ಹೊರಗೆ ಅರ್ಧ ಒಳಗೆ ಸಿಕ್ಕಿಕೊಂಡಿತ್ತು. ಯಂತ್ರಕ್ಕೆ ಹಿಂದೆ ಸರಿಯಲು ಬಲವೇ ಸಾಕಾಗಿರಲಿಲ್ಲ.

“ಉರಿ ಕಡಿಮೆ ಮಾಡು ಅಂದದ್ದು ಅವರು, ಒಲೆ ಆರಿಸು ಅಂದದ್ದಲ್ಲ” ಎಂದರು ಅಣ್ಣ.

ಬಿಗಿ ಸ್ಪ್ರಿಂಗ್ ತೆಗೆದು, ಆ ರೈಫಲ್ಲಿಗೆ ಮೊದಲಿಂದ ಇರಬೇಕಾದ ಅಳತೆಯದ್ದನ್ನೇ ಹೊಸದಾಗಿ ಹಾಕಿದೆವು. ಗ್ಯಾಸು ಸ್ವಲ್ಪ ಹೆಚ್ಚು ಬರುವಂತೆ ತಿರುಪನ್ನು ಒಂದು ಹಲ್ಲು ಹಿಂದಕ್ಕೆ ಸರಿಸಿದೆವು. ಈ ಸಲ ಹೊಡೆದಾಗ ಕಾಟ್ರಿಜ್ ಟಣ್ಣನೆ ಹಾರಿ ನನ್ನ ಶೂಸಿನ ಪಕ್ಕ ಬಿತ್ತು. ಮುಖಕ್ಕೆ ಬಂದದ್ದು ಅಗರಬತ್ತಿಯ ಹೊಗೆಯಷ್ಟು. ಪೂರ್ತಿ ನಿಲ್ಲುವುದು ಸಾಧ್ಯವಿಲ್ಲ, ಅದು ಸೈಲೆನ್ಸರಿನ ಗುಣ. ಆದರೆ ಕಣ್ಣು ತೆರೆದೇ ಇಡಬಹುದಿತ್ತು. ಅಣ್ಣ ತಾವೂ ಎಡಭುಜಕ್ಕೆ ಇಟ್ಟು ಹೊಡೆದು, ಮುಖ ಒರೆಸಿದ ಬಿಳಿ ಬಟ್ಟೆಯನ್ನು ನನಗೆ ತೋರಿಸಿದರು. ಬಟ್ಟೆ ಬಿಳಿಯಾಗಿಯೇ ಇತ್ತು.

ಅಬ್ಲಾ ಬಂದ ದಿನ ಬಿಸಿಲು ಹಿತವಾಗಿತ್ತು. ಅವರ ಇಬ್ಬರು ತಮ್ಮಂದಿರೂ ಜೊತೆಗಿದ್ದರು, ಇಬ್ಬರೂ ಬಿಳಿ ಗಡ್ಡದ ಅಜ್ಜಂದಿರು. ಅಕ್ಕನಿಗೆ ಆಚೀಚೆಯಿಂದ ಉಪದೇಶ ಶುರುಮಾಡಿದರು. ಅಬ್ಲಾ ಒಂದು ಬೆರಳು ಎತ್ತಿದ್ದೇ, ಇಬ್ಬರೂ ತರಗತಿಯ ಮಕ್ಕಳಂತೆ ಬಾಯಿ ಮುಚ್ಚಿ ಬೆಂಚಿನಲ್ಲಿ ಕುಳಿತರು.

ಅವರು ಎಡಭುಜಕ್ಕೆ ರೈಫಲ್ ಇಟ್ಟು, ಉಸಿರು ಬಿಟ್ಟು, ಹೊಡೆದರು. ನಾನು ಗುರಿಹಲಗೆ ನೋಡಲೇ ಇಲ್ಲ, ಅವರ ಕಣ್ಣನ್ನೇ ನೋಡುತ್ತಿದ್ದೆ. ನೀರು ಬರಲಿಲ್ಲ. ಇನ್ನೊಂದು, ಮತ್ತೊಂದು. ಮ್ಯಾಗಜಿನ್ ಖಾಲಿಯಾಗುವ ತನಕ ಅವರು ನಿಲ್ಲಿಸಲಿಲ್ಲ. ಬೇಲಿಯಾಚೆ ಕುದುರೆಗಳು ತಲೆ ಎತ್ತದೆ ಹುಲ್ಲು ಮೇಯುತ್ತಿದ್ದವು.

ರೈಫಲ್ ಖಾಲಿಯಾದುದನ್ನು ಅಣ್ಣ ನೋಡಿ ಖಚಿತಪಡಿಸಿದ ಮೇಲೆ ದುರ್ಬೀನಿನಲ್ಲಿ ಹಲಗೆ ನೋಡಿದೆವು. ತೂತುಗಳೆಲ್ಲ ಒಂದು ಅಂಗೈಯೊಳಗೆ ಅಡಗುವಂತಿದ್ದವು. ಕಿರಿಯ ತಮ್ಮ ದುರ್ಬೀನು ಕಿತ್ತುಕೊಂಡು ನೋಡಿ, “ಅಪ್ಪ ಇದ್ದಿದ್ದರೆ ನಮ್ಮಿಬ್ಬರನ್ನೂ ಬೈಯುತ್ತಿದ್ದರು” ಎಂದರು.

ಆಗ ಅಬ್ಲಾ ಎದ್ದು ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಇಲ್ಲಿನ ಮದುವೆಗಳಲ್ಲಿ ಹೆಂಗಸರು ನಾಲಗೆ ಕುಣಿಸಿ ಹಾಕುತ್ತಾರಲ್ಲ, ಆ ಕೇಕೆ ಹಾಕಿದರು. ಎಂಥ ಕೇಕೆ! ರೈಫಲ್ಲಿಗೆ ಕಿವಿ ನಿಮಿರದ ಕುದುರೆಗಳು ಕೆನೆಯುತ್ತಾ ದಿಕ್ಕಾಪಾಲಾಗಿ ಓಡಿದವು. ಲಾಯದವನು ಬೈಯುತ್ತಾ ಹೊರಗೆ ಬಂದ. ಅಬ್ಲಾ ಅವರನ್ನು ಕಂಡು ಸಲಾಂ ಹೇಳಿ ಒಳಗೆ ಹೋದ. ಅಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಇದಕ್ಕೆ ಸೈಲೆನ್ಸರ್ ಎಲ್ಲಿಂದ ತರುವುದು ಮಾರಾಯಾ!”

ಇದರ ಅರ್ಥ ಏನೆಂದು ಅಬ್ಲಾ ಕೇಳಿದರು. ನಾನು ಹೆದರುತ್ತಲೇ ಅರಬ್ಬಿಯಲ್ಲಿ ಹೇಳಿದೆ. ಅವರು ಮೊದಲು ನನ್ನ ವ್ಯಾಕರಣ ತಿದ್ದಿದರು, ಆಮೇಲೆ ನಕ್ಕರು.

ಮಧ್ಯಾಹ್ನ ಅವರ ಕಾರಿನ ಡಿಕ್ಕಿಯಿಂದ ದೊಡ್ಡ ಪಾತ್ರೆಯಲ್ಲಿ ಮಚ್ಬೂಸ್ ಇಳಿಯಿತು. ಮಾಂಸದ ಸಾರಲ್ಲೇ ಬೆಂದ, ಒಣನಿಂಬೆಯ ಪರಿಮಳದ ಅನ್ನ. ವರ್ಕ್‌ಶಾಪಿನ ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ ಎಲ್ಲರೂ ಸುತ್ತ ಕುಳಿತು ಉಂಡೆವು. ಉಳಿದದ್ದನ್ನು ಪಾತ್ರೆ ಸಮೇತ ನನ್ನ ಕೈಗಿಟ್ಟು, “ಮನೆಯವರಿಗೆ” ಎಂದರು.

ನಮ್ಮಲ್ಲಿ ತುಂಬಿ ಬಂದ ಪಾತ್ರೆಯನ್ನು ಖಾಲಿ ಕಳಿಸುವ ಕ್ರಮವಿಲ್ಲ. ಹೆಂಡತಿ ಅದನ್ನು ತೊಳೆದು, ತೆಳು ರೊಟ್ಟಿಯಂಥ ಅಕ್ಕಿ ಪತ್ತಿರಿ ಮಾಡಿ, ತೆಂಗಿನ ಹಾಲಿನ ಕೋಳಿ ಸಾರನ್ನು ಬೇರೆ ಡಬ್ಬಿಯಲ್ಲಿಟ್ಟು ಕಳಿಸಿದಳು. ಅದಕ್ಕುತ್ತರವಾಗಿ ಅಬ್ಲಾ ಖರ್ಜೂರದ ಸಿಹಿ ಕಳಿಸಿದರು. ಇವಳು ಸುಮ್ಮನಿರುತ್ತಾಳೆಯೇ? ಚಳಿಗಾಲ ಮುಗಿದು ಶೂಟಿಂಗ್ ನಿಂತರೂ ಪಾತ್ರೆಯ ಓಡಾಟ ನಿಂತಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಇನ್ನೂ ನೋಡಿಲ್ಲ. ಮೊನ್ನೆ ಹೆಂಡತಿ ಕೇಳಿದಳು, “ಅಲ್ಲ ಮಾರಾಯ್ರೇ, ಅವರಿಗೆ ಒಣಮೀನು ಆಗ್ತದಾ?”

ಕೇಳಿ ಹೇಳುತ್ತೇನೆ ಎಂದಿದ್ದೇನೆ.