ಮಾವನಿಗೆ ಸುಸ್ತಾಗೈತೆ

ನಮ್ಮ ಬೀದಿಯಲ್ಲಿ ಬೆಳೆದವರಿಗೆ ಆ ಚೀನಾ ಹೊಡೆದಾಟದ ಸಿನಿಮಾಗಳ ನಿಜವಾದ ಕಥೆ ಗೊತ್ತಿಲ್ಲ. ನಮಗೆಲ್ಲ ಗೊತ್ತಿರುವುದು ನನ್ನ ಅಣ್ಣ ಹೇಳಿದ ಕಥೆ.

ನ್ಯಾಮತಿಯಲ್ಲಿ ನಮ್ಮ ಬೀದಿಯವರು ಗಣಪತಿ ಕೂರಿಸಿದಾಗ ಹೊನ್ನಾಳಿಯಿಂದ ಟಿ.ವಿ., ವಿಡಿಯೋ ಪ್ಲೇಯರ್ ಬಾಡಿಗೆಗೆ ತರುತ್ತಿದ್ದರು. ಕನ್ನಡದ ಕ್ಯಾಸೆಟ್ಟುಗಳನ್ನು ಬೇರೆ ಬೀದಿಯವರು ಮೊದಲೇ ಹೇಳಿ ಇಟ್ಟಿರುತ್ತಿದ್ದರು. ನಮ್ಮ ಪಾಲಿಗೆ ಉಳಿಯುತ್ತಿದ್ದದ್ದು ಚೀನಾದವು. ಒಬ್ಬ ಸಣಕಲ ಹೀರೋ ಜಾರುತ್ತಾ ಬೀಳುತ್ತಾ ಅಷ್ಟೂ ಜನರನ್ನು ಹೊಡೆದು ಹಾಕುತ್ತಿದ್ದ. ಏಟು ತಿಂದವನು ಗಿರಗಿರ ತಿರುಗಿ ನೀರಿನ ತೊಟ್ಟಿಗೆ ಬೀಳುತ್ತಿದ್ದ. ನಗು ಬರುತ್ತಿತ್ತು, ಆದರೆ ಒಂದು ಮಾತೂ ತಿಳಿಯುತ್ತಿರಲಿಲ್ಲ. ಮೊದಲ ವರ್ಷ ಜನ ಚಾಪೆ ಮಡಿಸಿಕೊಂಡು ಏಳತೊಡಗಿದಾಗ ಅಣ್ಣ ಟಿ.ವಿ.ಯ ಸದ್ದು ತಗ್ಗಿಸಿ, ಆರತಿ ಹಾಡಿಗೆಂದು ಇಟ್ಟಿದ್ದ ಮೈಕ್ ಎತ್ತಿಕೊಂಡ.

ಹೀರೋ ಮತ್ತು ವಿಲನ್ ಒಂದು ಬೆಂಚಿಗಾಗಿ ಕಿತ್ತಾಡುತ್ತಿದ್ದರು. ಒಬ್ಬ ಕೂರುವಷ್ಟರಲ್ಲಿ ಇನ್ನೊಬ್ಬ ಎಳೆಯುವುದು, ಇವನು ಅದರ ಕೆಳಗೆ ನುಸುಳಿ ಆ ಕಡೆಯಿಂದ ಕೂರುವುದು. ಮೈಕಿನಲ್ಲಿ ಅಣ್ಣನ ದನಿ ಬಂತು. "ಏಯ್, ಕರ್ಚೀಫ್ ಹಾಕೀನಿ ಕಣಲೇ, ಸೀಟು ನಂದು." ತಕ್ಷಣ ಇನ್ನೊಂದು ದನಿ, ಮೂಗಿನಲ್ಲಿ: "ನಿನ್ನ ಕರ್ಚೀಫ್ ಕೆಳಗೆ ಬಿದ್ದೈತೆ ನೋಡ್ರೀ ಯಜಮಾನ್ರೆ. ಸವಳಂಗ ತನಕ ನಿಂತ್ಕಂಡೇ ಬರ್‍ರಿ." ಬಸ್ಸಿನ ಕಿಟಕಿಯಲ್ಲಿ ಕರ್ಚೀಫ್ ಎಸೆದು ಸೀಟು ಹಿಡಿಯುವ ನಮ್ಮ ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಡಿಸಿದ ಚಾಪೆಗಳು ಮತ್ತೆ ಬಿಚ್ಚಿಕೊಂಡವು.

ಅಲ್ಲಿಂದ ಮುಂದೆ ಪ್ರತಿ ವರ್ಷ ಅದೇ ಪದ್ಧತಿ. ಕನ್ನಡದ ಕ್ಯಾಸೆಟ್ ಸಿಕ್ಕರೂ ಬೇಡ ಎನ್ನುತ್ತಿದ್ದರು. ಏಣಿ ಹಿಡಿದು ಹೊಡೆದಾಡಿದರೆ ಅದು ಎರವಲು ತಂದ ಏಣಿ ವಾಪಸು ಕೊಡದ ಜಗಳ. ಹೀರೋಗೆ ವಿದ್ಯೆ ಕಲಿಸುವ ಬಿಳಿ ಗಡ್ಡದ ಗುರು ಅವನ ಸೋದರಮಾವ. ಮಾವ ಅಷ್ಟು ಗೋಳು ಹೊಯ್ದುಕೊಳ್ಳುವುದು ಮಗಳನ್ನು ಕೊಡುವ ಮೊದಲು ಅಳಿಯನ ತಾಳ್ಮೆ ನೋಡಲಿಕ್ಕೆ. ಅವನಿಗೆ ಮಗಳೇ ಇರಲಿಲ್ಲ ಎಂಬುದನ್ನು ನಾವು ಯಾರೂ ಗಮನಿಸಲಿಲ್ಲ.

ಆ ಬೆಂಚಿನ ಸಿನಿಮಾದ ಕೊನೆಯಲ್ಲಿ ಮಾವನಾದ ಆ ಮುದುಕ ನೆಲದ ಮೇಲೆ ಕಣ್ಣು ಮುಚ್ಚಿ ಬಿದ್ದಿದ್ದ. ಹೀರೋ ಅವನ ಎದೆಯ ಮೇಲೆ ತಲೆಯಿಟ್ಟು ಅಳುತ್ತಿದ್ದ. ಮುಂದೆ ಕೂತ ಮಕ್ಕಳೆಲ್ಲ ಬಿಕ್ಕತೊಡಗಿದೆವು. ಅಣ್ಣ ಮೈಕನ್ನು ಬಾಯಿಯ ಹತ್ತಿರ ತಂದ. ಆಮೇಲೆ ಮೆಲ್ಲಗೆ, "ಏನೂ ಆಗಿಲ್ಲ. ಮಾವನಿಗೆ ಸುಸ್ತಾಗೈತೆ. ಮಲಗ್ಯಾನೆ. ಗಲಾಟೆ ಮಾಡಬ್ಯಾಡ್ರಿ" ಅಂದ. ನಾವು ಕಣ್ಣೊರೆಸಿಕೊಂಡು ಬಾಯಿ ಮೇಲೆ ಬೆರಳಿಟ್ಟು ಕೂತೆವು. ಪಕ್ಕದಲ್ಲಿದ್ದ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮಗನ ಚೇಷ್ಟೆಗೆ ನಗುತ್ತಿದ್ದಾಳೆ ಅಂದುಕೊಂಡೆ.

ವಿಡಿಯೋ ಪ್ಲೇಯರ್ ಹೋಯಿತು, ಗಣಪತಿ ಮುಂದೆ ಡಿ.ಜೆ. ಬಂತು. ಅಣ್ಣ ಅಡಿಕೆ ಸೀಸನ್ನಿನಲ್ಲಿ ಚನ್ನಗಿರಿ ಕಡೆ, ನಲ್ಲೂರಿನಲ್ಲಿ ಅಡಿಕೆ ಬೇಯಿಸುವ ಕೆಲಸಕ್ಕೆ ಹೋಗುತ್ತಿದ್ದ. ಒಲೆಯ ಮುಂದೆ ನಿಂತವರ ದವಡೆಯಲ್ಲಿ ಒಂದು ಅಡಿಕೆ ಹೋಳು ಇದ್ದೇ ಇರುತ್ತದೆ. ಆಮೇಲೆ ಹೋಳಿನ ಜಾಗಕ್ಕೆ ಗುಟ್ಕಾ ಬಂತು. ಬೈದೆ. ನನ್ನ ಬಾಯಿ ಜೋರು ಎಂದು ಸೊಕ್ಕೆ ಊರಿನಲ್ಲಿ ನನ್ನ ಗಂಡನ ಮನೆಯವರು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರೆ, ಹೇಳಲಿ. ಅಣ್ಣನ ಮುಂದೆ ಆ ಜೋರು ಏನೂ ನಡೆಯಲಿಲ್ಲ. ನಾನು ಬೈದಷ್ಟೂ ಅವನು ನನ್ನ ದನಿಯನ್ನೇ ಅಣಕಿಸಿ ನಗಿಸಿಬಿಡುತ್ತಿದ್ದ. ನಗಿಸುವವರ ಮೇಲೆ ಸಿಟ್ಟು ಉಳಿಸಿಕೊಳ್ಳುವುದು ಕಷ್ಟ. ಈಗ ಉಳಿದಿದೆ, ಬೇಕಾದಷ್ಟು.

ಒಂದು ಸಲ ನಾನು ತವರಿಗೆ ಹೋದಾಗ ಸಂಜೆ ಮಂಡಕ್ಕಿ, ಮಿರ್ಚಿ ತರಿಸಿದ್ದೆವು. ಅಣ್ಣ ಮಿರ್ಚಿ ಮುಟ್ಟಲಿಲ್ಲ. ಮಂಡಕ್ಕಿಯನ್ನು ಒಂದೊಂದೇ ಕಾಳು ತುಟಿಯ ಸಂದಿಯಲ್ಲಿ ತೂರಿಸಿಕೊಳ್ಳುತ್ತಿದ್ದ. ಬಾಯಿ ತೆಗಿ ಅಂದೆ. ತೆಗೆಯಲು ಬಂದದ್ದು ಆ ಸಂದಿಯಷ್ಟೇ. ದಾವಣಗೆರೆಗೆ ಕರೆದೊಯ್ದೆವು. ಡಾಕ್ಟರು ಬೆರಳು ಒಳಗೆ ಹಾಕಲು ನೋಡಿ, ಕೈ ತೊಳೆದುಕೊಂಡು, ಕ್ಯಾನ್ಸರ್, ನಾಲಿಗೆ ಮತ್ತು ಕೆನ್ನೆ ತೆಗೆಯಬೇಕಾಗುತ್ತದೆ ಎಂದರು. ಜೀವ ಉಳಿಯಬಹುದು, ಮಾತು ಉಳಿಯುವುದಿಲ್ಲ.

ನನ್ನ ತಲೆಯಲ್ಲಿ ಒಂದೇ ಯೋಚನೆ ಕೂತುಬಿಟ್ಟಿತು. ಆಪರೇಷನ್ನಿಗೆ ಮೊದಲು ಆ ದನಿಯನ್ನು ಒಮ್ಮೆ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಇಷ್ಟು ವರ್ಷಗಳಲ್ಲಿ ಯಾರೂ ಅದನ್ನು ರೆಕಾರ್ಡ್ ಮಾಡಿರಲಿಲ್ಲ. ಗಂಡನ ಫೋನ್ ಕೂಡ ತೆಗೆದುಕೊಂಡು ಜಗಳೂರಿನಲ್ಲಿ ತವರಿನ ಕಡೆಯ ಬಸ್ ಹತ್ತಿದೆ.

ಅಣ್ಣನ ಪಕ್ಕ ಕೂತು ಒಂದು ಫೋನಿನಲ್ಲಿ ಆ ಬೆಂಚಿನ ಸಿನಿಮಾ ಹುಡುಕಿದೆ, ಸಿಕ್ಕಿತು. ಈಗ ಅದಕ್ಕೆ ಯಾರೋ ಕನ್ನಡ ಕೂಡಿಸಿದ್ದಾರೆ. ಹೀರೋ ಪಾಠ ಒಪ್ಪಿಸುವವರ ಹಾಗೆ ಮಾತಾಡುತ್ತಾನೆ. ಗುರು ಗುರುವೇ, ಮಾವನಲ್ಲ. ಬೆಂಚಿನ ಜಗಳ ಯಾವುದೋ ಹಳೆಯ ಸೇಡಿಗೆ. ನನಗೆ ಮೈ ಉರಿಯಿತು, ಸದ್ದು ಪೂರ್ತಿ ಆಫ್ ಮಾಡಿದೆ. ಇನ್ನೊಂದು ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಅಣ್ಣನ ಮುಂದಿಟ್ಟೆ.

"ಹೇಳಣ್ಣ. ಒಂದೇ ಸಲ. ನನ್ನ ಸಲುವಾಗಿ."

ಬೆಂಚು ಬಂತು. ಅಣ್ಣ ಮುಂದಕ್ಕೆ ಬಾಗಿದ. ಶುರು ಮಾಡಿಯೂ ಮಾಡಿದ. ಮುಚ್ಚಳ ಹಾಕಿದ ಪಾತ್ರೆಯೊಳಗಿನಿಂದ ಬಂದ ಹಾಗಿತ್ತು ದನಿ. ಕರ್ಚೀಫ್ ಅನ್ನುವಲ್ಲಿ ಮಾತು ಸಿಕ್ಕಿಕೊಂಡಿತು. ಮತ್ತೆ ಹೇಳಿದ, ಮತ್ತೆ ಅಲ್ಲೇ ನಿಂತಿತು. ಅಷ್ಟರಲ್ಲಿ ಬೆಂಚಿನ ಜಗಳ ಮುಗಿದು ಹೀರೋ ನೀರಿನ ತೊಟ್ಟಿಗೆ ಬಿದ್ದಿದ್ದ. ಅಣ್ಣನಿಗೆ ನಗು ಬಂತು. ಭುಜ ಕುಲುಕಿತು, ಕಣ್ಣಲ್ಲಿ ನೀರು ಬಂತು, ಬಾಯಿ ಮಾತ್ರ ತೆರೆಯಲೇ ಇಲ್ಲ. ಅಂಥ ನಗುವನ್ನು ನಾನು ಎಲ್ಲಿಯೂ ನೋಡಿಲ್ಲ, ಮತ್ತೆ ನೋಡುವುದೂ ಬೇಡ. ಟವೆಲ್ಲಿನಿಂದ ತುಟಿ ಒತ್ತಿಕೊಂಡ. ಅದರಲ್ಲಿ ಕೆಂಪು ಇತ್ತು.

ಆದರೂ ಸಿನಿಮಾ ನೋಡುತ್ತಾ ಕೂತ. ಕೊನೆಗೆ ಬಿಳಿ ಗಡ್ಡದ ಮುದುಕ ತೂರಾಡತೊಡಗಿದ. ಇನ್ನೇನು ಬೀಳಬೇಕು, ಅಣ್ಣ ಕೈ ಚಾಚಿ ಫೋನನ್ನು ಬೋರಲು ಹಾಕಿದ. ರೆಕಾರ್ಡ್ ಆದದ್ದನ್ನು ಬಸ್ಸಿನಲ್ಲಿ ಕಿವಿಗಿಟ್ಟುಕೊಂಡು ಕೇಳಿದೆ. ಉಸಿರು, ಎಂಜಲು ನುಂಗುವ ಸದ್ದು, ನಡುವೆ ನನ್ನ ಜೋರು ದನಿ. ಅಳಿಸಿಬಿಟ್ಟೆ.

ಆಪರೇಷನ್ ದಿನ ಡಾಕ್ಟರು ಬೇಗ ಹೊರಗೆ ಬಂದರು. ಬೇಗ ಬಂದರಲ್ಲ ಎಂದು ಅತ್ತಿಗೆ ದೇವರಿಗೆ ಕೈ ಮುಗಿದಳು. ಅದು ಕುತ್ತಿಗೆಯ ಒಳಗೆಲ್ಲ ಇಳಿದಿದೆ, ತೆಗೆಯುವುದರಲ್ಲಿ ಅರ್ಥವಿಲ್ಲ, ಎರಡು ದಿನ ನೋಡಿ ಮನೆಗೆ ಕರೆದುಕೊಂಡು ಹೋಗಿ ಎಂದರು. ಇನ್ನೆಷ್ಟು ದಿನ ಇರುತ್ತಾನೆ ಎಂಬುದನ್ನೂ ನಾನು ಕೇಳಿದ್ದಕ್ಕೆ ಹೇಳಿದರು. ಅತ್ತಿಗೆ ಅಲ್ಲೇ ಉಳಿದಳು. ಅವ್ವನಿಗೆ ಹೇಳುವ ಕೆಲಸ ನನ್ನದಾಯಿತು.

ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಮಧ್ಯಾಹ್ನ ಮನೆ ಮುಟ್ಟಿದಾಗ ಅವ್ವ ಪಡಸಾಲೆಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಮಗನಿಗೆ ಗಂಜಿ ಬಿಟ್ಟು ಬೇರೇನೂ ಇಳಿಯುವುದಿಲ್ಲ ಎಂದು ಗೊತ್ತಿದ್ದೂ ಅವನಿಗೆ ಇಷ್ಟದ ಸೊಪ್ಪನ್ನೇ ತರಿಸಿದ್ದಳು.

"ಹೆಂಗದಾನೆ?" ಅಂದಳು.

ಜೋಡಿಸಿಕೊಂಡದ್ದೊಂದೂ ಬಾಯಿಗೆ ಬರಲಿಲ್ಲ. "ಏನೂ ಆಗಿಲ್ಲವ್ವ," ಅಂದೆ. "ಸುಸ್ತಾಗೈತೆ. ಮಲಗ್ಯಾನೆ."

ಅವ್ವನ ಕೈ ನಿಂತಿತು. ನಾನು ಯಾರ ಮಾತು ಹೇಳುತ್ತಿದ್ದೇನೆಂದು ನನಗೆ ತಿಳಿದದ್ದೂ ಆಗಲೇ.

"ಅವತ್ತು ಅವನೂ ಮೈಕಿನಾಗೆ ಹಿಂಗೇ ಅಂದಿದ್ದ," ಅಂದಳು ಅವ್ವ. "ನೀವು ಸಣ್ಣೋರು, ನಂಬಿದ್ರಿ. ಆ ಮುದುಕ ಸತ್ತಿದ್ದ ಕಣವ್ವ. ನಂಗೆ ಅವತ್ತೇ ಗೊತ್ತಿತ್ತು."

ಬಿಡಿಸಿದ ಸೊಪ್ಪನ್ನು ಬದಿಗೆ ಸರಿಸಿ, ನನ್ನನ್ನು ಹತ್ತಿರ ಕೂರಿಸಿಕೊಂಡಳು.

"ಎಷ್ಟು ದಿನ ಅಂದ್ರು ಡಾಕ್ಟ್ರು, ಅದನ್ನ ಹೇಳು."

ಹೇಳಿದೆ.