ಮಾತ್ರೆ ನುಂಗುತ್ತಿದ್ದ ಕೋಚ್

ನಯಾಜ್ ಸರ್ ಅವರ ಎಡಗಿವಿ ಹಿಂಡಿ ಬಿಸಾಕಿದ ಬಟ್ಟೆಯ ಹಾಗೆ ಮುದುಡಿಕೊಂಡಿತ್ತು. ಎಲ್ಲೋ ಗಲಾಟೆಯಲ್ಲಿ ಪೆಟ್ಟು ತಿಂದಿರಬೇಕು ಅಂತ ಜನ ಅಂದುಕೊಳ್ಳುತ್ತಿದ್ದರು. ಅದು ರಗ್ಬಿಯ ಗುರುತು. ತಲೆಗೆ ತಲೆ, ಭುಜಕ್ಕೆ ಭುಜ ಕೊಟ್ಟು ನೂಕುವ ಆ ಆಟದಲ್ಲಿ ವರ್ಷಗಟ್ಟಲೆ ಉಜ್ಜಿ ಹಾಗಾಗಿತ್ತು. "ನಮ್ಮಪ್ಪ ಮರ ಹೆರೀತಾರೆ ಮೇಡಂ, ನಾನು ಕಿವಿ ಹೆರೆಸ್ಕೊಂಡ್ ಬಂದೆ," ಅಂತ ಸರ್ ನಗುತ್ತಿದ್ದರು.

ಶ್ರೀನಿವಾಸಪುರದ ಬಡಗಿಯ ಮಗ ರಾಜ್ಯ ತಂಡದಲ್ಲಿ ಆಡಿದ್ದು ಊರಿಗೆ ಗೊತ್ತಾಗಿದ್ದೇ ಮೊಣಕಾಲು ಮುರಿದು ಅವರು ವಾಪಸ್ಸು ಬಂದ ಮೇಲೆ. ತಿಂಗಳುಗಟ್ಟಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರಂತೆ. ಹೆಂಡತಿ ಹಠ ಹಿಡಿದು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಚೇತರಿಸಿಕೊಂಡ ಮೇಲೆ ನಮ್ಮ ಶಾಲೆಗೆ ಬಂದು, ಹೆಣ್ಣುಮಕ್ಕಳಿಗೆ ರಗ್ಬಿ ಕಲಿಸ್ತೀನಿ ಅಂದರು. ನಾನಲ್ಲಿ ಪಿ.ಟಿ. ಟೀಚರ್.

ಆಟಕ್ಕೆ ಮುಂಚೆ ಮಕ್ಕಳ ಎದುರಿಗೇ ಮಾತ್ರೆ ನುಂಗುತ್ತಿದ್ದರು. ಯಾಕೆ ಅಂತ ಕೇಳಿದರೆ, "ಮನಸ್ಸಿಗೆ ಕಣಮ್ಮಾ. ನಿಮ್ಮಜ್ಜಿ ಶುಗರ್ ಮಾತ್ರೆ ಬಚ್ಚಿಟ್ಕೊಂಡ್ ತಿಂತಾರಾ? ನಾನ್ಯಾಕೆ ಬಚ್ಚಿಡ್ಲಿ?"

ರಾಯಲ್ಪಾಡಿನ ಮಮತಾ ಚೆಂಡು ಹಿಡಿದು ಓಡಿದರೆ ಯಾರ ಕೈಗೂ ಸಿಗುತ್ತಿರಲಿಲ್ಲ. ಒಂದು ದಿನ ಚೆಂಡು ಹಿಡಿದು ಸುಮ್ಮನೆ ನಿಂತುಬಿಟ್ಟಳು. ಸರ್ ಆಟ ನಿಲ್ಲಿಸಿ ಅವಳನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡರು. ಬದುಕೋಕೆ ಇಷ್ಟ ಇಲ್ಲ ಅಂದಳಂತೆ. ಅವತ್ತೇ ಅವಳ ತಾಯಿ ನಾರಾಯಣಮ್ಮನನ್ನು ಕರೆಸಿ, ನನ್ನನ್ನೂ ಕರೆದುಕೊಂಡು ಕೋಲಾರದ ಡಾಕ್ಟರ ಹತ್ತಿರ ಹೋದರು. ಹುಡುಗಿ ನಿಧಾನಕ್ಕೆ ಹುಷಾರಾದಳು. ಊರಲ್ಲಿ ಇನ್ಯಾರಿಗೂ ಇದು ಗೊತ್ತಾಗಲಿಲ್ಲ.

ಮುಂದಿನ ವರ್ಷ ಶಾಲೆಯವರು ಮಾನಸಿಕ ಆರೋಗ್ಯದ ಬಗ್ಗೆ ಮಾತಾಡಿ ಅಂತ ಸರ್ ಅವರನ್ನೇ ವೇದಿಕೆಗೆ ಕರೆದರು. ತಾನು ಸಾಯಬೇಕು ಅಂತ ಬಾವಿಯ ಕಟ್ಟೆಯ ಮೇಲೆ ನಿಂತದ್ದನ್ನೂ ಅವರು ಮುಚ್ಚಿಡಲಿಲ್ಲ. ಜನ ಕಣ್ಣೊರೆಸಿಕೊಂಡರು. ಶಾಲು ಹೊದಿಸಿದರು.

ವಾರ ಕಳೆಯುವಷ್ಟರಲ್ಲಿ ಪೋಷಕರ ಸಭೆ. "ಭಾಷಣ ಬಹಳ ಚೆನ್ನಾಗಿತ್ತು ಸಾರ್," ಅಂದರು ಕಾರ್ಯದರ್ಶಿ, "ಆದ್ರೆ ಪೇರೆಂಟ್ಸ್ ಒಪ್ತಿಲ್ಲ."

ಹಿಂದಿನಿಂದ ಒಬ್ಬ ತಂದೆ ಎದ್ದರು. "ತನ್ ತಲೇನೇ ಸರಿ ಇಲ್ಲ ಅಂತ ಒಪ್ಕೊಂಡಿರೋರ ಹತ್ರ ಹೆಣ್ಮಕ್ಕಳನ್ನ ಹೆಂಗ್ರೀ ಬಿಡೋದು? ಇವರಿಂದ ಯಾರಿಗ್ ಒಳ್ಳೇದಾಗಿದೆ? ಒಬ್ಬರನ್ನ ತೋರಿಸ್ಲಿ!"

ಮುಂದಿನ ಸಾಲಿನಲ್ಲಿ ನಾರಾಯಣಮ್ಮ ಕೂತಿದ್ದರು. ಸೆರಗಿನ ತುದಿ ಹೊಸೆಯುತ್ತಾ ತಲೆ ತಗ್ಗಿಸಿದರು. ನಾನು ಏಳಲು ಹೋದೆ. ಸರ್ ನನ್ನತ್ತ ನೋಡಿ ಬೇಡ ಅಂತ ತಲೆಯಾಡಿಸಿದರು. ಎದ್ದು ಎಲ್ಲರಿಗೂ ಕೈ ಮುಗಿದು ಹೊರಟುಬಿಟ್ಟರು.

ನಾನು ಅವರನ್ನು ಕೊನೆಯದಾಗಿ ನೋಡಿದ್ದು ಅವರಪ್ಪನ ಮರಗೆಲಸದ ಶೆಡ್ಡಿನಲ್ಲಿ. ಹೊಸೂರಿಗೆ ಹೊರಡುವವರಿದ್ದರು, ಅಲ್ಲಿ ಯಾವುದೋ ಕಾರ್ಖಾನೆಯಲ್ಲಿ ಸೆಕ್ಯೂರಿಟಿ ಕೆಲಸವಂತೆ.

"ಅವತ್ತು ನಾನ್ ಹೇಳ್ಬಿಡ್ತಿದ್ದೆ ಸಾರ್. ಯಾಕ್ ತಡೆದ್ರಿ?"

"ಅದು ಆ ಹುಡುಗಿ ಮಾತು ಮೇಡಂ. ಹೇಳೋದಿದ್ರೆ ಅವಳೇ ಹೇಳ್ಬೇಕು."

"ನಿಮಗೆ ಕೋಪ ಬರಲ್ವಾ?"

"ಬರುತ್ತೆ. ತುಂಬಾ ಬರುತ್ತೆ," ಅಂದವರು ಹಲಗೆಯ ಮೇಲಿನ ಹೊಟ್ಟು ಒರೆಸುತ್ತಾ ನಿಂತರು. ನನ್ನ ಮುಖ ನೋಡಲಿಲ್ಲ.

ಕೆಲವು ವರ್ಷಗಳ ಮೇಲೆ ಮಮತಾ ಮದುವೆಗೆ ಹೋಗಿದ್ದೆ. ಹುಡುಗಿ ನಗುನಗುತ್ತಾ ಇದ್ದಳು. ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ನಾರಾಯಣಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಸಾರು ಬಾಗುನ್ನಾರಾ?" ಅಂತ ತೆಲುಗಿನಲ್ಲಿ ಪಿಸುಗುಟ್ಟಿದರು. ಸರ್ ಚೆನ್ನಾಗಿದ್ದಾರಾ ಅಂತ. ನಾನು ಬಾಯಿ ತೆರೆಯುವಷ್ಟರಲ್ಲಿ ಗಂಡಿನ ಕಡೆಯವರು ಬಂದರು. ಆಕೆ ಕೈ ಬಿಟ್ಟು, ಅವರ ಕಡೆ ತಿರುಗಿದರು.